ಮೀಟರ್‌ನಲ್ಲಿ 0.06 ಬಂದರೂ ಕುಡಿದು ಓಡಿಸಿದ ಕೇಸ್ ಯಾಕೆ?

ಓದುಗರ ಪ್ರಶ್ನೆ:

"ನಾನು ಕ್ಯಾಲಿಫೋರ್ನಿಯಾದಲ್ಲಿ ಎಚ್-1ಬಿ ವೀಸಾದ ಮೇಲೆ ಕೆಲಸ ಮಾಡುತ್ತಿದ್ದೇನೆ. ವಯಸ್ಸು 34, ತೂಕ 70 ಕೆಜಿ. ಐದು ದಿನದ ಹಿಂದೆ ಟೀಮಿನವರ ಜೊತೆ ಊಟಕ್ಕೆ ಹೋಗಿದ್ದೆ. ರಾತ್ರಿ ಎಂಟೂವರೆಯಿಂದ ಹತ್ತೂಮುಕ್ಕಾಲರ ತನಕ ಎರಡೇ ಗ್ಲಾಸ್ ಐಪಿಎ ಬಿಯರ್ ಕುಡಿದೆ, ಊಟವನ್ನೂ ಮಾಡಿದೆ. ಹೆಂಡತಿಗೆ ಫೋನ್ ಮಾಡಿ 'ಹೊರಟೆ' ಅಂದು 11:30ಕ್ಕೆ ಕಾರು ತೆಗೆದೆ. 11:40ಕ್ಕೆ ಪೊಲೀಸರು ನಿಲ್ಲಿಸಿದರು. ಲೇನ್ ಗೆರೆ ಎರಡು ಸಲ ತುಳಿದೆ ಅಂದರು. ಫೋನಿನಲ್ಲಿ ಮ್ಯಾಪ್ ನೋಡುತ್ತಿದ್ದೆ, ಅದು ನಿಜ. ರಸ್ತೆ ಬದಿಯಲ್ಲಿ ನಡೆಸಿದರು, ಒಂಟಿ ಕಾಲಲ್ಲಿ ನಿಲ್ಲಿಸಿದರು, ಚಿಕ್ಕ ಮೀಟರ್‌ಗೆ ಊದಿಸಿದರು. 11:58ಕ್ಕೆ 0.068 ಬಂತು. ಕೈಗೆ ಬೇಡಿ ಹಾಕಿದರು. ಸ್ಟೇಷನ್‌ನಲ್ಲಿ 12:50ಕ್ಕೆ ದೊಡ್ಡ ಮಷೀನಿಗೆ ಎರಡು ಸಲ ಊದಿದೆ. ಎರಡೂ ಸಲ 0.06. ಮಿತಿ 0.08 ಅಲ್ವಾ, ಬಿಡುತ್ತಾರೆ ಅಂದುಕೊಂಡೆ. ಬಿಡಲಿಲ್ಲ, ರಕ್ತ ತೆಗೆದರು. ಸಂಜೆ ಅಲರ್ಜಿ ಮಾತ್ರೆ ತಗೊಂಡಿದ್ದೆ, ಬೆಳಿಗ್ಗೆ ಐದೂವರೆಯಿಂದ ಎದ್ದಿದ್ದೇನೆ ಅಂತ ನಾನೇ ಅವರಿಗೆ ಹೇಳಿದ್ದೆ. ಬೆಳಗಿನ ಜಾವ ಬಿಟ್ಟರು. ಮುಂದಿನ ತಿಂಗಳು ಕೋರ್ಟಿಗೆ ಬರಬೇಕು ಅಂತ ಚೀಟಿ ಕೊಟ್ಟಿದ್ದಾರೆ. ಒಬ್ಬ ಗೆಳೆಯ 'ಒಪ್ಪಿಕೊಂಡು ಫೈನ್ ಕಟ್ಟಿ ಮುಗಿಸು' ಅನ್ನುತ್ತಾನೆ. ಇನ್ನೊಬ್ಬ 'ಕೇಸೇ ನಿಲ್ಲಲ್ಲ, ಲಾಯರ್ ಯಾಕೆ' ಅನ್ನುತ್ತಾನೆ. ಡಿಸೆಂಬರ್‌ನಲ್ಲಿ ತಂಗಿ ಮದುವೆಗೆ ಊರಿಗೆ ಹೋಗಬೇಕು. ಹೆಂಡತಿಗೆ ಬಿಟ್ಟರೆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನಿದ್ದೆ ಬರುತ್ತಿಲ್ಲ. ಏನು ಮಾಡಲಿ?"

ಉತ್ತರ:

ಇಬ್ಬರು ಗೆಳೆಯರ ಮಾತನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ಮೊದಲನೆಯವರ ಮಾತು ಕೇಳಿದರೆ, ತಾನಾಗಿ ಬಿದ್ದುಹೋಗಬಹುದಾದ ಕೇಸನ್ನು ನೀವೇ ಎತ್ತಿ ನಿಲ್ಲಿಸಿದ ಹಾಗಾಗುತ್ತದೆ. ಎರಡನೆಯವರ ಮಾತು ಕೇಳಿದರೆ, ಗೆಲ್ಲಬಹುದಾದ ಕೇಸನ್ನು ಕೈಯಾರೆ ಬಿಟ್ಟುಕೊಟ್ಟ ಹಾಗಾಗುತ್ತದೆ.

ನಿಮ್ಮ ಪತ್ರದಲ್ಲಿ ಎರಡು ಚಿಂತೆ ಕಾಣುತ್ತವೆ. ಮಷೀನೇ ಮಿತಿಯೊಳಗಿದೆ ಅಂದಮೇಲೆ ಕೇಸ್ ಹೇಗೆ ಹಾಕುತ್ತಾರೆ ಅನ್ನುವುದು ಒಂದು. ಇದರಿಂದ ವೀಸಾ, ಕೆಲಸ, ಊರಿಗೆ ಹೋಗಿಬರುವುದು ಏನಾಗುತ್ತದೆ ಅನ್ನುವುದು ಇನ್ನೊಂದು. ನಿದ್ದೆ ಕೆಡಿಸಿರುವುದು ಎರಡನೆಯದು ಅಂತ ನನಗೆ ಗೊತ್ತಾಗುತ್ತದೆ. ಆದರೆ ಮೊದಲನೆಯದು ಬಿಡಿಸಿಕೊಳ್ಳದೆ ಎರಡನೆಯದಕ್ಕೆ ದಾರಿ ಸಿಗುವುದಿಲ್ಲ. ಹಾಗಾಗಿ ಅಲ್ಲಿಂದಲೇ ಹೊರಡುತ್ತೇನೆ.

ನಿಮಗೆ ಕೊಟ್ಟ ಚೀಟಿ ತೆಗೆದು ನೋಡಿ. 23152 ಅನ್ನುವ ಸೆಕ್ಷನ್ ನಂಬರ್ ಇರುತ್ತದೆ. ಅದರ ಪಕ್ಕ ಕಂಸದಲ್ಲಿ ಒಂದು ಅಕ್ಷರ ಇರುತ್ತದೆ. ಎಲ್ಲಾ ಇರುವುದು ಆ ಒಂದು ಅಕ್ಷರದಲ್ಲಿ. 'ಬಿ' ಅಂದರೆ ರಕ್ತದಲ್ಲಿ ಆಲ್ಕೋಹಾಲ್ ಶೇಕಡಾ 0.08 ಅಥವಾ ಅದಕ್ಕಿಂತ ಜಾಸ್ತಿ ಇದ್ದಾಗ ಗಾಡಿ ಓಡಿಸಿದ್ದು. 'ಎ' ಅಂದರೆ ಮದ್ಯದ ಅಮಲಿನಲ್ಲಿ ಗಾಡಿ ಓಡಿಸಿದ್ದು. ಈ 'ಎ'ದಲ್ಲಿ ಯಾವ ನಂಬರೂ ಇಲ್ಲ. ಸೊನ್ನೆ ಪಾಯಿಂಟ್ ಎಷ್ಟೋ ಅನ್ನುವ ಮಾತೇ ಇಲ್ಲ.

ಅಂದರೆ ಒಂದೇ ಅಪರಾಧಕ್ಕೆ ಎರಡು ಬಾಗಿಲು. ಒಂದು ನಂಬರಿನ ಬಾಗಿಲು. ಇನ್ನೊಂದು ನಿಮ್ಮ ಆ ಹೊತ್ತಿನ ಸ್ಥಿತಿಯ ಬಾಗಿಲು. ನಂಬರಿನ ಬಾಗಿಲು ನಿಮ್ಮ ಮಟ್ಟಿಗೆ ಹೆಚ್ಚುಕಡಿಮೆ ಮುಚ್ಚಿದೆ. (ಹೆಚ್ಚುಕಡಿಮೆ ಅಂತ ಯಾಕೆ ಅಂದೆ ಅನ್ನುವುದನ್ನು ಮುಂದೆ ಹೇಳುತ್ತೇನೆ.) ಸ್ಥಿತಿಯ ಬಾಗಿಲು ತೆರೆದೇ ಇದೆ.

ಇಲ್ಲಿಯೇ ಬಹಳ ಜನ ಎಡವುತ್ತಾರೆ. 0.08 ಅಂದರೆ 'ಅಲ್ಲಿಯ ತನಕ ಕುಡಿದು ಓಡಿಸಬಹುದು' ಅಂತ ಸರ್ಕಾರ ಕೊಟ್ಟ ಅನುಮತಿ ಅಂದುಕೊಳ್ಳುತ್ತಾರೆ. ಅದು ಅನುಮತಿ ಅಲ್ಲ. ಆ ಗೆರೆ ದಾಟಿದರೆ ನೀವು ಚೆನ್ನಾಗೇ ಓಡಿಸುತ್ತಿದ್ದಿರಾ, ತೊದಲುತ್ತಿದ್ದಿರಾ ಅಂತ ಯಾರೂ ಕೇಳಬೇಕಾಗಿಲ್ಲ, ನಂಬರೊಂದೇ ಸಾಕು ಅಂತ ಅದರ ಅರ್ಥ. ಗೆರೆಯ ಈಚೆ ಇದ್ದರೆ ಸರ್ಕಾರ ಬೇರೆ ಸಾಕ್ಷಿಯಿಂದ ಸಾಬೀತು ಮಾಡಬೇಕು, ಅಷ್ಟೇ. ಗೆರೆ ಕೂಡ ಒಂದೇ ಕಡೆ ನಿಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 1990ರ ತನಕ ಅದು 0.10 ಇತ್ತು. ಯೂಟಾ ರಾಜ್ಯದಲ್ಲಿ 2018ರ ಕೊನೆಯಿಂದ 0.05 ಆಗಿದೆ. ನಿಮ್ಮ 0.06 ಅಲ್ಲಿ ಬಂದಿದ್ದರೆ ನಂಬರಿನ ಕೇಸೇ ಆಗುತ್ತಿತ್ತು.

ನಮ್ಮವರಲ್ಲಿ ಈ ತಪ್ಪು ತಿಳಿವಳಿಕೆ ಜಾಸ್ತಿ ಇರುವುದಕ್ಕೆ ಒಂದು ಕಾರಣ ಇದೆ ಅನ್ನಿಸುತ್ತದೆ. ಭಾರತದ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್‌ನಲ್ಲಿ, ಮದ್ಯದ ಮಟ್ಟಿಗೆ, ನಂಬರೇ ಮುಖ್ಯ. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ದಾಟಿತಾ ಇಲ್ಲವಾ ಅನ್ನುವುದೇ ಪ್ರಶ್ನೆ. ಅದೇ ಲೆಕ್ಕ ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿಗೆ ಬರುತ್ತೇವೆ. ಅಂದಹಾಗೆ, ಆ 30 ಮಿಲಿಗ್ರಾಂ ಅಂದರೆ ಇಲ್ಲಿನ ಲೆಕ್ಕದಲ್ಲಿ 0.03.

ಇನ್ನು 0.06ಕ್ಕೆ ಕಾನೂನು ಕೊಡುವ ಬೆಲೆ ಏನು? ಇಲ್ಲಿನ ಸೆಕ್ಷನ್ 23610 ಇದನ್ನು ಮೂರು ಮೆಟ್ಟಿಲು ಮಾಡಿದೆ. 0.05ಕ್ಕಿಂತ ಕಡಿಮೆ ಇದ್ದರೆ ಅಮಲಿನಲ್ಲಿ ಇರಲಿಲ್ಲ ಅಂತಲೇ ಮೊದಲು ಊಹಿಸಬೇಕು. 0.08 ಅಥವಾ ಜಾಸ್ತಿ ಇದ್ದರೆ ಇದ್ದರು ಅಂತ ಊಹಿಸಬಹುದು. ನಡುವೆ ಇದ್ದರೆ ಯಾವ ಕಡೆಗೂ ಊಹೆ ಇಲ್ಲ. ಬೇರೆ ಸಾಕ್ಷಿಯ ಜೊತೆಗೆ ಅದನ್ನೂ ನೋಡಬಹುದು. ನೀವು ನಿಂತಿರುವುದು ಆ ನಡುವಿನ ಮೆಟ್ಟಿಲ ಮೇಲೆ. ತಕ್ಕಡಿ ಸಮ ಇದೆ. ಆ ರಾತ್ರಿಯ ಉಳಿದ ಸಂಗತಿಗಳು ಯಾವ ಕಡೆ ಬೀಳುತ್ತವೋ ಆ ಕಡೆ ಅದು ವಾಲುತ್ತದೆ.

ಬೇರೆ ರಾಜ್ಯದ ಓದುಗರಿಗೆ ಒಂದು ಮಾತು. ನ್ಯೂಯಾರ್ಕ್‌ನಲ್ಲೂ ಕೊಲರಾಡೋದಲ್ಲೂ 0.05 ದಾಟಿ 0.08 ಮುಟ್ಟದವರಿಗೆ ಅಂತಲೇ ಒಂದು ಚಿಕ್ಕ ಅಪರಾಧ ಬೇರೆ ಇದೆ. ಟೆಕ್ಸಸ್‌ನಲ್ಲಿ ಮೈ ಮನಸ್ಸಿನ ಮಾಮೂಲಿ ಹಿಡಿತ ತಪ್ಪಿತ್ತು ಅಂತ ತೋರಿಸಿದರೆ ನಂಬರ್ ಬೇಕಾಗಿಲ್ಲ. ವಯಸ್ಸು 21 ತುಂಬದವರಿಗೆ ಕ್ಯಾಲಿಫೋರ್ನಿಯಾದಲ್ಲಿ 0.01 ಬಂದರೂ ಲೈಸೆನ್ಸ್ ಹೋಗುತ್ತದೆ. ಲಾರಿ ಓಡಿಸುವವರಿಗೆ, ಬಾಡಿಗೆಗೆ ಜನರನ್ನು ಕೂರಿಸಿಕೊಂಡು ಓಡಿಸುವವರಿಗೆ ಮಿತಿ 0.04.

ಈಗ ನಿಮ್ಮ 'ಎರಡೇ ಬಿಯರ್' ಅನ್ನುವ ಮಾತಿಗೆ ಬರೋಣ. ಸುಳ್ಳು ಹೇಳಿದ್ದೀರಿ ಅಂತ ನಾನು ಅನ್ನುತ್ತಿಲ್ಲ. ಲೆಕ್ಕ ಮಾತ್ರ ಹಾಕಿ ನೋಡೋಣ. ಅಮೆರಿಕದಲ್ಲಿ 'ಒಂದು ಡ್ರಿಂಕ್' ಅಂದರೆ 14 ಗ್ರಾಂ ಆಲ್ಕೋಹಾಲ್. ಶೇಕಡಾ 5ರ ಬಿಯರ್ ಆದರೆ 355 ಮಿಲಿಯ ಒಂದು ಕ್ಯಾನ್. ನೀವು ಕುಡಿದದ್ದು ಐಪಿಎ. ಅದು ಸಾಮಾನ್ಯವಾಗಿ ಇನ್ನೂ ಗಟ್ಟಿ. ಗ್ಲಾಸ್ ಅಂದರೆ ಇಲ್ಲಿ ಬಹಳ ಕಡೆ ಪೈಂಟ್, ಅಂದರೆ 473 ಮಿಲಿ. ಶೇಕಡಾ 7.5ರ ಐಪಿಎ ಅಂತ ಇಟ್ಟುಕೊಂಡರೆ ಒಂದು ಗ್ಲಾಸಿನಲ್ಲೇ 28 ಗ್ರಾಂ. ಎರಡು ಗ್ಲಾಸಿಗೆ 56 ಗ್ರಾಂ. ನಿಮ್ಮ ಲೆಕ್ಕದಲ್ಲಿ ಎರಡು, ದೇಹದ ಲೆಕ್ಕದಲ್ಲಿ ನಾಲ್ಕು. 70 ಕೆಜಿ ತೂಕದ ಗಂಡಸಿಗೆ ಮೂರು ಗಂಟೆಯ ಮೇಲೆ 0.07 ಆಸುಪಾಸು ಬರುವುದು ಸಹಜ. ಮೀಟರ್ ಸುಳ್ಳು ಹೇಳಿಲ್ಲ, ನೀವೂ ಹೇಳಿಲ್ಲ.

ಆದರೆ ಪೊಲೀಸರ ವರದಿಯಲ್ಲಿ ಇದು ಹೇಗೆ ಬಂದಿರುತ್ತದೆ ಗೊತ್ತಾ? 'ಎರಡು ಬಿಯರ್ ಕುಡಿದೆ ಅಂದರು.' ಅಷ್ಟೇ. ಕುಡಿದು ಸಿಕ್ಕಿಬಿದ್ದವರು ಬಹಳ ಜನ 'ಎರಡು ಬಿಯರ್' ಅನ್ನುತ್ತಾರೆ. ಹಾಗಾಗಿ ಆ ಮಾತನ್ನು ಸರ್ಕಾರಿ ವಕೀಲರು ನಂಬುವುದಿಲ್ಲ. ಬಿಲ್ಲಿನಲ್ಲಿ ಬಿಯರ್ ಹೆಸರು, ಅಳತೆ, ಸಮಯ ಇದ್ದರೆ ನಂಬುತ್ತಾರೆ. ಆ ಬಿಲ್ಲು ಹುಡುಕಿ.

'ಹೆಚ್ಚುಕಡಿಮೆ ಮುಚ್ಚಿದ ಬಾಗಿಲು' ಅಂದೆನಲ್ಲ, ಅದು ಹೀಗೆ. ಕಾನೂನಿಗೆ ಬೇಕಾದದ್ದು 12:50ರ ನಂಬರ್ ಅಲ್ಲ. 11:40ಕ್ಕೆ, ಸ್ಟೀರಿಂಗ್ ಹಿಡಿದಾಗ ಎಷ್ಟಿತ್ತು ಅನ್ನುವುದು. ಕುಡಿದದ್ದು ಪೂರ್ತಿ ರಕ್ತಕ್ಕೆ ಸೇರಿದ ಮೇಲೆ ಗಂಟೆಗೆ ಸುಮಾರು 0.015ರಿಂದ 0.020 ಇಳಿಯುತ್ತಾ ಹೋಗುತ್ತದೆ. ಆದ್ದರಿಂದ ಸರ್ಕಾರದ ಕಡೆಯ ತಜ್ಞರು ಹಿಂದಕ್ಕೆ ಲೆಕ್ಕ ಹಾಕುತ್ತಾರೆ. 0.06ಕ್ಕೆ 70 ನಿಮಿಷದ ಇಳಿತ ಸೇರಿಸಿದರೆ ಒಂದು ದರದಲ್ಲಿ 0.077 ಬರುತ್ತದೆ, ಇನ್ನೊಂದರಲ್ಲಿ 0.083. ಇದರ ಮೇಲೆ ಇನ್ನೊಂದು ಸಂಗತಿ ಇದೆ. ಸ್ಟೇಷನ್ ಮಷೀನಿನ ಫಲಿತಾಂಶ ಬರೆಯುವಾಗ ಮೂರನೇ ಅಂಕಿ ಕೈಬಿಡಬೇಕು ಅನ್ನುವುದು ಇಲ್ಲಿನ ನಿಯಮ. 0.069 ಬಂದಿದ್ದರೂ ಹಾಳೆಯ ಮೇಲೆ 0.06 ಅಂತಲೇ ಇರುತ್ತದೆ. ಹೀಗೆ ಮಾಡಿ ನಿಮ್ಮನ್ನು ಗೆರೆಯ ಆಚೆಗೆ ತಳ್ಳಲು ನೋಡಬಹುದು.

ಇಲ್ಲಿ ನಿಮ್ಮ ಕೈ ಹಿಡಿಯುವುದು ಯಾವುದು ಅಂದರೆ ರಸ್ತೆ ಬದಿಯ ಆ ಚಿಕ್ಕ ಮೀಟರ್. ಬಂಧಿಸುವ ಮುಂಚೆ ಅದಕ್ಕೆ ಊದಲೇಬೇಕು ಅಂತ 21 ದಾಟಿದವರಿಗೆ ಕಡ್ಡಾಯ ಇಲ್ಲ (ಹಳೆಯ ಡಿಯುಐ ಕೇಸಿಗೆ, ಅಂದರೆ ಕುಡಿದು ಓಡಿಸಿದ ಕೇಸಿಗೆ, ಪ್ರೊಬೇಷನ್ ಅನ್ನುವ ಕೋರ್ಟಿನ ನಿಗಾದಲ್ಲಿ ಇರುವವರಿಗೆ ಮಾತ್ರ ಕಡ್ಡಾಯ). ಯಾಕಾದರೂ ಊದಿದೆನೋ ಅಂತ ನಿಮಗೆ ಈಗ ಅನ್ನಿಸುತ್ತಿರಬಹುದು. ಆದರೆ ಗಾಡಿ ನಿಲ್ಲಿಸಿ 18 ನಿಮಿಷಕ್ಕೆ ಅದು 0.068 ತೋರಿಸಿದೆ. ಆ 18 ನಿಮಿಷ ಹಿಂದಕ್ಕೆ ಹೋದರೆ 0.073, 0.074 ಬರಬಹುದು. 0.08 ಬರುವುದಿಲ್ಲ. ಸ್ಟೇಷನ್ ನಂಬರ್ ಇಟ್ಟುಕೊಂಡು ದೂರದ ಲೆಕ್ಕ ಹಾಕುವವರಿಗೆ ಅದಕ್ಕಿಂತ ಹತ್ತಿರದ ಈ ನಂಬರ್ ಅಡ್ಡ ನಿಲ್ಲುತ್ತದೆ. ನಿಮ್ಮ ವಕೀಲರಿಗೆ ಮೊದಲು ತೋರಿಸಬೇಕಾದ ಅಂಕಿ ಇದು.

ಬಂಧನ ಆದಮೇಲಿನ ಟೆಸ್ಟ್ ಮಾತ್ರ ಬೇರೆ ವಿಚಾರ. ಅದನ್ನು ಬೇಡ ಅಂದರೆ, ಕುಡಿದಿರದಿದ್ದರೂ, ಮೊದಲ ಸಲಕ್ಕೇ ಒಂದು ವರ್ಷ ಲೈಸೆನ್ಸ್ ಹೋಗಬಹುದು. ನೀವು ಊದಿದ್ದು ಸರಿಯಾಯಿತು.

ಇನ್ನು ಸ್ಥಿತಿಯ ಬಾಗಿಲು. ಕೇಸ್ ವಿಚಾರಣೆಗೆ ಹೋದರೆ ನ್ಯಾಯಾಧೀಶರು ಜ್ಯೂರಿಯ ಹನ್ನೆರಡು ಜನಕ್ಕೆ ಹೇಳುವ ಅಳತೆಗೋಲು ಸರಳ. ಕುಡಿಯದೇ ಇರುವ ಒಬ್ಬ ಮನುಷ್ಯ ಅದೇ ರಸ್ತೆಯಲ್ಲಿ ಎಷ್ಟು ಎಚ್ಚರವಾಗಿ ಓಡಿಸುತ್ತಾನೋ ಅಷ್ಟು ಎಚ್ಚರವಾಗಿ ಓಡಿಸಲು ಆಗದಷ್ಟು ನಿಮ್ಮ ಮೈಯೋ ಮನಸ್ಸೋ ಕುಂದಿತ್ತಾ? ಗಾಡಿ ಓಡಿಸಿದ ರೀತಿ ಒಂದರಿಂದಲೇ ಇದನ್ನು ತೀರ್ಮಾನಿಸಬಾರದು ಅಂತಲೂ ಹೇಳುತ್ತಾರೆ. ಮ್ಯಾಪ್ ನೋಡುತ್ತಾ ಗೆರೆ ತುಳಿಯುವುದು ನೀರು ಕುಡಿದವರಿಗೂ ಆಗುತ್ತದೆ. ಹಾಗಾಗಿ ಪೊಲೀಸರು ಎಲ್ಲವನ್ನೂ ಒಟ್ಟಿಗೆ ಪೋಣಿಸುತ್ತಾರೆ. ಬಾಯಿಯ ವಾಸನೆ, ಕೆಂಪು ಕಣ್ಣು, ಮಾತು, ನಡಿಗೆ, ನಂಬರ್.

ಆ ನಡಿಗೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಿಮ್ಮಿಂದ ಮಾಡಿಸಿದ್ದು ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ ರೂಪಿಸಿದ ಪರೀಕ್ಷೆ. ಹಿಮ್ಮಡಿಗೆ ಬೆರಳು ತಾಗಿಸಿ ಒಂಬತ್ತು ಹೆಜ್ಜೆ, ತಿರುಗಿ ಮತ್ತೆ ಒಂಬತ್ತು. ಇದರಲ್ಲಿ ಅಧಿಕಾರಿ ಎಂಟು ತಪ್ಪುಗಳನ್ನು ಹುಡುಕುತ್ತಾರೆ. ಹೇಳುವ ಮುಂಚೆ ಶುರು ಮಾಡಿದ್ದು ಒಂದು ತಪ್ಪು. ಕೈ ಆರು ಇಂಚಿನಷ್ಟು ಮೇಲೆದ್ದರೆ ಇನ್ನೊಂದು. ಹೆಜ್ಜೆಗಳ ನಡುವೆ ಸ್ವಲ್ಪ ಜಾಗ ಬಿಟ್ಟರೆ ಮತ್ತೊಂದು. ಎಂಟರಲ್ಲಿ ಎರಡು ಕಂಡರೆ ಸಾಕು, ಫೇಲ್. ಒಂಟಿ ಕಾಲಿನದು 30 ಸೆಕೆಂಡ್, ನಾಲ್ಕು ತಪ್ಪು, ಅದರಲ್ಲೂ ಎರಡೇ ಸಾಕು. ರಾತ್ರಿ ಹನ್ನೆರಡು ಗಂಟೆ, ಪಕ್ಕದಲ್ಲಿ ಗಾಡಿಗಳು, ಕಣ್ಣಿಗೆ ಹೊಡೆಯುವ ದೀಪ, ಎದುರಿಗೆ ಪೊಲೀಸ್. ಏನೂ ಕುಡಿಯದೆ ಇವತ್ತು ರಾತ್ರಿ ಮನೆಯಲ್ಲಿ ಮಾಡಿ ನೋಡಿ, ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ. ಬೆನ್ನು ನೋವು, ಕಾಲು ನೋವು, ಒಳಕಿವಿಯ ತೊಂದರೆ ಇದ್ದವರಿಗೆ ಇದು ಕಷ್ಟ ಅಂತ ಆ ಇಲಾಖೆಯ ಕೈಪಿಡಿಯೇ ಒಪ್ಪುತ್ತದೆ.

ಒಂದು ಕೇಸ್ ನೆನಪಾಗುತ್ತದೆ. ವರದಿಯಲ್ಲಿ 'ಸಮತೋಲನ ಇರಲಿಲ್ಲ, ಸೂಚನೆ ಅರ್ಥವಾಗಲಿಲ್ಲ' ಅಂತ ಬರೆದಿದ್ದರು. ಪೊಲೀಸರ ಎದೆಗೆ ಕಟ್ಟಿದ ಕ್ಯಾಮೆರಾದ ವಿಡಿಯೋ ತರಿಸಿ ನೋಡಿದೆವು. ಆ ಮನುಷ್ಯ ಹದಿನೆಂಟು ಹೆಜ್ಜೆಯಲ್ಲಿ ಒಂದೇ ಒಂದು ಹೆಜ್ಜೆ ತಪ್ಪಿದ್ದರು. 'ಅರ್ಥವಾಗಲಿಲ್ಲ' ಅಂದದ್ದು ಇಂಗ್ಲಿಷ್ ಉಚ್ಚಾರಣೆಯ ಸಮಸ್ಯೆ. ಎರಡು ಸಲ 'ಇನ್ನೊಮ್ಮೆ ಹೇಳಿ' ಅಂತ ಮರ್ಯಾದೆಯಿಂದ ಕೇಳಿದ್ದರು, ಅಷ್ಟೇ. ಆ ಹತ್ತು ನಿಮಿಷದ ವಿಡಿಯೋ ಇಡೀ ಕೇಸಿನ ಬಣ್ಣ ಬದಲಿಸಿತು. ವಿಡಿಯೋ ಉಲ್ಟಾ ಹೊಡೆದದ್ದನ್ನೂ ನೋಡಿದ್ದೇನೆ. ತಾನು ಚೆನ್ನಾಗೇ ಇದ್ದೆ ಅಂತ ನಂಬಿದ್ದವರು ತಮ್ಮನ್ನೇ ಪರದೆಯ ಮೇಲೆ ನೋಡಿ ಸುಮ್ಮನಾಗಿದ್ದಾರೆ. ಆದ್ದರಿಂದ ವಿಡಿಯೋ ನೋಡುವ ತನಕ ನಿಮ್ಮ ಕೇಸ್ ಗಟ್ಟಿಯೋ ಮೆತ್ತಗೋ ಅಂತ ಯಾರು ಹೇಳಿದರೂ ನಂಬಬೇಡಿ. ನಾನೂ ಹೇಳುವುದಿಲ್ಲ.

ನೀವು ಬೆಳಿಗ್ಗೆ ಐದೂವರೆಗೆ ಎದ್ದವರು. ಗಾಡಿ ನಿಂತಾಗ ಎಚ್ಚರವಾಗಿದ್ದು ಹದಿನೆಂಟು ಗಂಟೆ ದಾಟಿತ್ತು. ಹದಿನೇಳು ಗಂಟೆ ನಿದ್ದೆ ಇಲ್ಲದೆ ಇದ್ದರೆ ಕೈ, ಕಣ್ಣು, ಬುದ್ಧಿ ಒಟ್ಟಾಗಿ ಕೆಲಸ ಮಾಡುವುದು 0.05 ಕುಡಿದವರ ಮಟ್ಟಕ್ಕೆ ಇಳಿಯುತ್ತದೆ ಅಂತ 1997ರಲ್ಲೇ ಒಂದು ಅಧ್ಯಯನ ತೋರಿಸಿದೆ. ಇದು ಎರಡೂ ಕಡೆ ಕೊಯ್ಯುವ ಕತ್ತಿ. ಕೆಂಪು ಕಣ್ಣಿಗೆ, ತಪ್ಪಿದ ಹೆಜ್ಜೆಗೆ ನಿದ್ದೆಗೇಡು ಕಾರಣ ಅಂತ ನಿಮ್ಮ ವಕೀಲರು ಹೇಳಬಹುದು. ಅಷ್ಟು ಸುಸ್ತಾದ ಮೈಗೆ 0.06 ಇನ್ನೂ ಜಾಸ್ತಿ ಏರಿತು ಅಂತ ಎದುರಿನವರು ಹೇಳಬಹುದು. ನಾನು ನಿಮ್ಮಂಥವರ ಪರ ನಿಲ್ಲುವ ವಕೀಲ. ಆದರೂ ನಿಮಗೆ ನೇರವಾಗಿ ಹೇಳುತ್ತೇನೆ, ಎದುರಿನವರ ಆ ಮಾತಿನಲ್ಲಿ ಸತ್ಯ ಇದೆ. 0.06 ಅಂದರೆ ಮಾಮೂಲಿ ಮೈ ಅಲ್ಲ. ಒಂದೇ ಹೊತ್ತಿಗೆ ಎರಡು ಕಡೆ ಗಮನ ಇಡುವ ಶಕ್ತಿ ಮೊದಲು ಹೋಗುತ್ತದೆ. ರಸ್ತೆ ಮತ್ತು ಮ್ಯಾಪ್ ಎರಡನ್ನೂ ನೋಡಲು ಹೋಗಿ ನೀವು ಗೆರೆ ತುಳಿದಿರಲ್ಲ, ಅಲ್ಲಿ.

ಅಲರ್ಜಿ ಮಾತ್ರೆಯ ಮಾತು. 0.06 ಬಂದಮೇಲೂ ರಕ್ತ ತೆಗೆದದ್ದು ಇದಕ್ಕೇ. ಉಸಿರಿನ ಮಷೀನಿಗೆ ಮದ್ಯ ಮಾತ್ರ ಕಾಣುತ್ತದೆ. ಬೇರೆ ಏನೋ ಇರಬಹುದು ಅಂತ ಅನುಮಾನಕ್ಕೆ ಕಾರಣ ಇದ್ದರೆ ರಕ್ತ ಅಥವಾ ಮೂತ್ರ ಕೇಳಲು ಕಾನೂನಿನಲ್ಲಿ ಅವಕಾಶ ಇದೆ. ಆ ಕಾರಣವನ್ನು ನೀವೇ ಬಾಯಿಬಿಟ್ಟು ಕೊಟ್ಟಿದ್ದೀರಿ. ಅದೇ ಸೆಕ್ಷನ್ನಿನಲ್ಲಿ 'ಎಫ್' ಅಂದರೆ ಮಾದಕ ಅಥವಾ ಔಷಧದ ಅಮಲು, 'ಜಿ' ಅಂದರೆ ಮದ್ಯ ಮತ್ತು ಔಷಧ ಎರಡೂ ಸೇರಿದ ಅಮಲು. ಗಾಂಜಾ, ಕೊಕೇನ್ ಮಾತ್ರ 'ಡ್ರಗ್' ಅಂತ ಅಂದುಕೊಳ್ಳಬೇಡಿ. ಮದ್ಯ ಬಿಟ್ಟು ನರಮಂಡಲವನ್ನು ಕುಗ್ಗಿಸಬಲ್ಲ ಯಾವುದೇ ವಸ್ತು ಈ ಕಾನೂನಿಗೆ ಡ್ರಗ್ಗೇ. ಡಾಕ್ಟರ ಚೀಟಿ ಇಲ್ಲದೆ ಅಂಗಡಿಯಲ್ಲಿ ಸಿಗುವ ಮಾತ್ರೆಯೂ ಸೇರಿತು. ಡಾಕ್ಟರೇ ಬರೆದುಕೊಟ್ಟದ್ದು ಅನ್ನುವುದೂ ರಕ್ಷಣೆ ಆಗುವುದಿಲ್ಲ. ನಿಮ್ಮ ಮಾತ್ರೆ ಯಾವುದು ಅನ್ನುವುದು ಮುಖ್ಯ. ಡೈಫೆನ್‌ಹೈಡ್ರಮಿನ್ ಇರುವ ಹಳೆಯ ಕಾಲದ ಅಲರ್ಜಿ ಮಾತ್ರೆ ನಿದ್ದೆ ತರಿಸುತ್ತದೆ, ಮದ್ಯದ ಜೊತೆ ಇನ್ನೂ ಜಾಸ್ತಿ. ಲೊರಾಟಡಿನ್, ಫೆಕ್ಸೊಫೆನಡಿನ್ ಥರದವು ಅಷ್ಟು ಮಂಕು ಮಾಡುವುದಿಲ್ಲ. ಡಬ್ಬಿ ಎಸೆಯಬೇಡಿ. ನಿಮ್ಮ ರಕ್ತದ ಮಾದರಿಯನ್ನು ಲ್ಯಾಬ್ ಒಂದು ವರ್ಷ ಇಟ್ಟಿರಬೇಕು. ಅದರಲ್ಲಿ ಸ್ವಲ್ಪ ಪಡೆದು ಬೇರೆ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸುವ ಹಕ್ಕು ನಿಮಗಿದೆ.

ಈಗ ಮಾಡುವುದೇನು? ಮೊದಲು ನಿಮ್ಮ ಕಾಗದಗಳಲ್ಲಿ ಗುಲಾಬಿ ಬಣ್ಣದ ಹಾಳೆ ಇದೆಯಾ ನೋಡಿ. ಅದು ತಾತ್ಕಾಲಿಕ ಲೈಸೆನ್ಸ್, ಜೊತೆಗೆ ನಿಮ್ಮ ಲೈಸೆನ್ಸ್ ಅಮಾನತು ಮಾಡುತ್ತೇವೆ ಅನ್ನುವ ನೋಟಿಸ್. ಇದು ಡಿಎಂವಿ, ಅಂದರೆ ಲೈಸೆನ್ಸ್ ಕೊಡುವ ಇಲಾಖೆಯ ವ್ಯವಹಾರ. ಕೋರ್ಟಿಗೂ ಇದಕ್ಕೂ ಸಂಬಂಧ ಇಲ್ಲ. 0.08 ಮುಟ್ಟದವರ ಮೇಲೆ ಈ ಅಮಾನತು ನಿಲ್ಲಬಾರದು. ಆದರೂ ಹಾಳೆ ಕೊಟ್ಟಿದ್ದರೆ, ಬಂಧನವಾಗಿ ಹತ್ತು ದಿನದೊಳಗೆ ಡಿಎಂವಿಗೆ ಫೋನ್ ಮಾಡಿ ಹಿಯರಿಂಗ್ ಕೇಳಲೇಬೇಕು. ನಿಮಗೆ ಇನ್ನು ಐದು ದಿನ ಇದೆ. 'ಹೇಗೂ 0.06 ಅಲ್ವಾ' ಅಂತ ಬಿಟ್ಟರೆ ಕೇಳುವ ಹಕ್ಕೇ ಹೋಗುತ್ತದೆ.

ಆಮೇಲೆ ಕೋರ್ಟ್. ಚೀಟಿಯಲ್ಲಿ ಬರೆದಿರುವುದು ಪೊಲೀಸರ ಅಭಿಪ್ರಾಯ. ಕೇಸ್ ಹಾಕಬೇಕೋ ಬೇಡವೋ ಅಂತ ತೀರ್ಮಾನಿಸುವವರು ಸರ್ಕಾರಿ ವಕೀಲರು. ಅಪಘಾತ ಇಲ್ಲ, ಹಳೆಯ ಕೇಸ್ ಇಲ್ಲ, 0.06 ಅಂದಾಗ ಎಷ್ಟೋ ಸಲ ಅವರೇ ಹಿಂದೆ ಸರಿಯುತ್ತಾರೆ. ಆ ತೀರ್ಮಾನಕ್ಕೆ ಮುಂಚೆಯೇ ನಿಮ್ಮ ವಕೀಲರು ಬಿಲ್ಲು, ಸಮಯ, 0.068 ಎಲ್ಲಾ ಇಟ್ಟು ಅವರಿಗೆ ಒಂದು ಪತ್ರ ಬರೆದರೆ ಬಹಳ ಅನುಕೂಲ. ಕೋರ್ಟ್ ದಿನ ಹೋದಾಗ 'ಕೇಸ್ ಇನ್ನೂ ದಾಖಲಾಗಿಲ್ಲ' ಅಂತ ಹೇಳಿ ಕಳಿಸಬಹುದು. ಅದನ್ನು ಖುಲಾಸೆ ಅಂತ ತಿಳಿಯಬೇಡಿ. ಬಂಧನದ ದಿನದಿಂದ ಒಂದು ವರ್ಷದೊಳಗೆ ಯಾವಾಗ ಬೇಕಾದರೂ ಹಾಕಬಹುದು. ರಕ್ತದ ವರದಿಗೆ ಕಾಯುತ್ತಿರುತ್ತಾರೆ. ಕೋರ್ಟಿನಿಂದ ಬಂದ ಪತ್ರ ಮನೆ ಬದಲಿಸಿದ್ದರಿಂದ ಕೈಸೇರದೆ, ವಾರಂಟ್ ಆದವರನ್ನು ನೋಡಿದ್ದೇನೆ. ವಿಳಾಸ ಸರಿಯಾಗಿ ಕೊಟ್ಟಿರಿ.

ಕೇಸ್ ದಾಖಲಾದರೆ ದಾರಿಗಳು ಮೂರು ನಾಲ್ಕು ಇವೆ. ಗಾಡಿ ನಿಲ್ಲಿಸಿದ್ದೇ ಸರಿಯಾದ ಕಾರಣಕ್ಕಲ್ಲ ಅಂತ ಪ್ರಶ್ನಿಸಬಹುದು. ನಿಮ್ಮದರಲ್ಲಿ ಗೆರೆ ತುಳಿದದ್ದನ್ನು ನೀವೇ ಒಪ್ಪುತ್ತೀರಿ, ಹಾಗಾಗಿ ಇದರ ಮೇಲೆ ನನಗೆ ಜಾಸ್ತಿ ಭರವಸೆ ಇಲ್ಲ. ವಿಡಿಯೋ ಚೆನ್ನಾಗಿದ್ದರೆ ವಿಚಾರಣೆಗೆ ಹೋಗಬಹುದು. ಹನ್ನೆರಡು ಜನರೂ ಒಪ್ಪಿದರೆ ಮಾತ್ರ ಶಿಕ್ಷೆ. ಆದರೆ ದುಡ್ಡು, ಸಮಯ, ಮನಸ್ಸು ಮೂರನ್ನೂ ತಿನ್ನುತ್ತದೆ. ಸೋತರೆ ಪೂರ್ತಿ ಡಿಯುಐ. ಅಂದರೆ ಮೂರರಿಂದ ಐದು ವರ್ಷ ಪ್ರೊಬೇಷನ್, 390ರಿಂದ 1,000 ಡಾಲರ್ ಮೂಲ ದಂಡ, ಅದರ ಮೇಲೆ ಅದರ ಎಷ್ಟೋ ಪಟ್ಟು ಸೇರುವ ಶುಲ್ಕಗಳು, ತಿಂಗಳುಗಟ್ಟಲೆ ಕ್ಲಾಸ್, ಆರು ತಿಂಗಳು ಲೈಸೆನ್ಸ್ ಅಮಾನತು. ಹತ್ತು ವರ್ಷದೊಳಗೆ ಇನ್ನೊಂದಾದರೆ ಅದು ಎರಡನೆಯದು ಅಂತ ಎಣಿಕೆ.

ನಡುವಿನ ದಾರಿ ರಾಜಿ. ಅಜಾಗರೂಕ ಚಾಲನೆಗೆ ಇಳಿಸಿಕೊಳ್ಳುವುದು. ಇದರಲ್ಲೂ ಎರಡು ಥರ. ಕೋರ್ಟಿನವರ ಬಾಯಲ್ಲಿ ಒಂದಕ್ಕೆ 'ವೆಟ್ ರೆಕ್ಲೆಸ್', ಇನ್ನೊಂದಕ್ಕೆ 'ಡ್ರೈ ರೆಕ್ಲೆಸ್' ಅಂತ ಹೆಸರು. ವೆಟ್‌ನಲ್ಲಿ ಮದ್ಯದ ಉಲ್ಲೇಖ ಉಳಿಯುತ್ತದೆ. ಹತ್ತು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ ಅದನ್ನೂ ಹಳೆಯ ಡಿಯುಐ ಥರವೇ ಎಣಿಸುತ್ತಾರೆ. ಡ್ರೈನಲ್ಲಿ ಆ ಉಲ್ಲೇಖ ಇಲ್ಲ. 0.06ಕ್ಕೆ ಡ್ರೈ ಕೇಳುವುದು ಅತಿಯಾಸೆ ಅಲ್ಲ. ಮೊದಲ ದಿನವೇ ಹೋಗಿ ಡಿಯುಐ ಒಪ್ಪಿಕೊಳ್ಳುವುದು ಮಾತ್ರ ನಿಮ್ಮ ವಿಷಯದಲ್ಲಿ ಯಾವ ಕಾರಣಕ್ಕೂ ಬೇಡ. ವಕೀಲರನ್ನು ಇಡಲು ಶಕ್ತಿ ಇಲ್ಲದವರಿಗೆ ಕೋರ್ಟೇ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೊಡುತ್ತದೆ. ಅದಕ್ಕೆ ಅಮೆರಿಕದ ಪ್ರಜೆ ಆಗಿರಬೇಕಾಗಿಲ್ಲ.

ಈಗ ವೀಸಾ. ಒಂದು ಸಾಮಾನ್ಯ ಡಿಯುಐಗೆ ದೇಶದಿಂದ ಹೊರಹಾಕುವುದಿಲ್ಲ. ಅದು 'ಹಿಂಸೆಯ ಅಪರಾಧ' ಅಲ್ಲ ಅಂತ 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ವೀಸಾ ಸ್ಟಾಂಪ್ ಬೇರೆ, ಇಲ್ಲಿ ಇರುವ ಸ್ಟೇಟಸ್ ಬೇರೆ. ಇದನ್ನು ಜೋಡಿಸಿಕೊಂಡು ಬಹಳ ಜನ ಗಾಬರಿಯಾಗುತ್ತಾರೆ. 2015ರಿಂದ ಅಮೆರಿಕದ ವಿದೇಶಾಂಗ ಇಲಾಖೆ ಒಂದು ಪದ್ಧತಿ ಇಟ್ಟುಕೊಂಡಿದೆ. ಡಿಯುಐಗೆ ಬಂಧನ ಆದದ್ದು ತಿಳಿದರೆ, ಶಿಕ್ಷೆ ಆಗದಿದ್ದರೂ, ಪಾಸ್‌ಪೋರ್ಟ್‌ನಲ್ಲಿರುವ ವೀಸಾವನ್ನು ಮುನ್ನೆಚ್ಚರಿಕೆಯಾಗಿ ರದ್ದು ಮಾಡಬಹುದು. ವೀಸಾ ಕೊಟ್ಟ ಕಾನ್ಸುಲೇಟ್‌ನಿಂದ ಒಂದು ಈಮೇಲ್ ಬರುತ್ತದೆ. ಸ್ಪ್ಯಾಮ್ ಫೋಲ್ಡರನ್ನೂ ನೋಡುತ್ತಿರಿ. ಬಂದರೆ ನೀವು ಮಾರನೇ ದಿನ ಕೆಲಸ ಬಿಡಬೇಕಾಗಿಲ್ಲ, ದೇಶ ಬಿಡಬೇಕಾಗಿಲ್ಲ. ಆದರೆ ಹೊರಗೆ ಹೋದರೆ ಹೊಸ ವೀಸಾ ಇಲ್ಲದೆ ವಾಪಸ್ ಬರಲಾಗುವುದಿಲ್ಲ. ಹೊಸ ವೀಸಾಕ್ಕೆ ಸಂದರ್ಶನ, ಅವರೇ ಗೊತ್ತುಮಾಡಿದ ಡಾಕ್ಟರ ಹತ್ತಿರ ಕುಡಿತದ ಚಟ ಇದೆಯಾ ಅಂತ ತಪಾಸಣೆ. ಒಂದೇ ಸಲದ ಘಟನೆ ಇದ್ದವರು ಸಾಮಾನ್ಯವಾಗಿ ದಾಟಿ ಬರುತ್ತಾರೆ. ಆದರೆ ವಾರಗಳು ಹಿಡಿಯಬಹುದು, ತಿಂಗಳೂ ಆಗಬಹುದು.

ಮುಂದೆ ಯಾವ ವೀಸಾ ಅಥವಾ ವಲಸೆ ಅರ್ಜಿಯಲ್ಲಿ 'ಎಂದಾದರೂ ಬಂಧನ ಆಗಿದೆಯಾ' ಅಂತ ಕೇಳಿದರೂ ಹೌದು ಅಂತಲೇ ಬರೆಯಬೇಕು. ಕೇಸ್ ಬಿದ್ದುಹೋದರೂ, ದಾಖಲೆ ಮುಚ್ಚಿಸಿದರೂ ಹೌದೇ. ಡಿಯುಐಗಿಂತ ಸುಳ್ಳು ಉತ್ತರ ನೂರು ಪಟ್ಟು ದುಬಾರಿ. ಇನ್ನೊಂದು. ಯಾವ ರಾಜಿಗೆ ಸಹಿ ಹಾಕುವ ಮುಂಚೆಯೂ ಅದರ ಪದಗಳನ್ನು ವಲಸೆ ಕಾನೂನಿನ ವಕೀಲರಿಗೆ ತೋರಿಸಿ. 'ಎಫ್' ಅಥವಾ 'ಜಿ' ಅಕ್ಷರ ಕೇಸಿನೊಳಗೆ ಬಂದರೆ ಇದು ಕಡ್ಡಾಯ ಅಂತಲೇ ತಿಳಿಯಿರಿ. ನಿಮ್ಮದು ಅಲರ್ಜಿ ಮಾತ್ರೆ ಅನ್ನುವುದು ದಾಖಲೆಯಲ್ಲಿ ಸ್ಪಷ್ಟವಾಗಿ ಇರಬೇಕು. ಬರೀ 'ಡ್ರಗ್' ಅಂತ ಉಳಿದರೆ ಮುಂದೆ ಓದುವವರು ಏನು ಬೇಕಾದರೂ ಅಂದುಕೊಳ್ಳಬಹುದು.

ತಂಗಿ ಮದುವೆಗೆ ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ವಾಪಸ್ ಬರುವುದು ತಡವಾದರೆ ಆಫೀಸಿನವರು ಒಪ್ಪುತ್ತಾರಾ, ಕೋರ್ಟ್ ದಿನಾಂಕ ನಡುವೆ ಬರುತ್ತದಾ ಅಂತ ನೋಡಿಕೊಂಡು, ಟಿಕೆಟ್ ಆಮೇಲೆ ಮಾಡಿ. ಇಂಥ ಚಿಕ್ಕ ಕೇಸ್‌ಗಳಲ್ಲಿ ಸಾಮಾನ್ಯವಾಗಿ ನಿಮ್ಮ ಬದಲು ವಕೀಲರು ಹಾಜರಾಗಬಹುದು. ಹೋಗುವುದೇ ಆದರೆ ಕೋರ್ಟಿನ ಮೊಹರು ಇರುವ ಕಾಗದಗಳನ್ನು ಜೊತೆಗಿಟ್ಟುಕೊಳ್ಳಿ.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಒಂದು ಹಾಳೆ ತಗೊಂಡು ಮೇಲೆ 'ನನ್ನ ವಕೀಲರಿಗಾಗಿ' ಅಂತ ಬರೆಯಿರಿ. ಎಂಟೂವರೆಯಿಂದ ಬೆಳಗಿನ ಜಾವದ ತನಕ ಏನೇನಾಯಿತು ಅಂತ ಗಂಟೆ ಪ್ರಕಾರ ಬರೆಯಿರಿ. ಯಾವ ಬಿಯರ್, ಎಷ್ಟು ಹೊತ್ತಿಗೆ, ಏನು ತಿಂದಿರಿ, ಯಾವ ಚಪ್ಪಲಿ ಅಥವಾ ಶೂ ಹಾಕಿದ್ದಿರಿ, ನಡೆಸಿದ ಜಾಗ ಸಮ ಇತ್ತಾ ಇಳಿಜಾರಾ, ಸ್ಟೇಷನ್‌ನಲ್ಲಿ ಊದುವ ಮುಂಚೆ ಹದಿನೈದು ನಿಮಿಷ ನಿಮ್ಮನ್ನು ಯಾರಾದರೂ ಗಮನಿಸುತ್ತಾ ಕೂತಿದ್ದರಾ (ಅದು ನಿಯಮ), ಎಲ್ಲಾ. ಊಟದ ಜಾಗದ ಕ್ಯಾಮೆರಾದಲ್ಲಿ ನೀವು ನಡೆದು ಹೊರಬಂದದ್ದು ಇದ್ದರೆ ಅದು ಬೇಗ ಅಳಿಸಿಹೋಗುತ್ತದೆ. ಅದನ್ನು ಉಳಿಸಿ ಅಂತ ವಕೀಲರಿಂದ ಈ ವಾರವೇ ಪತ್ರ ಹೋಗಬೇಕು. ಟೀಮಿನವರ ಗ್ರೂಪಿನಲ್ಲಿ ಇದರ ಬಗ್ಗೆ ಒಂದು ಅಕ್ಷರ ಬರೆಯಬೇಡಿ.

ಹೆಂಡತಿಗೂ ಒಂದು ಹಾಳೆ ಕೊಡಿ. ಪೊಲೀಸರು ನಿಲ್ಲಿಸುವ ಸುಮಾರು ಹತ್ತು ನಿಮಿಷ ಮುಂಚೆ ನಿಮ್ಮ ಜೊತೆ ಮಾತಾಡಿದವರು ಅವರು. ಫೋನಿನಲ್ಲಿ ನೀವು ಏನು ಹೇಳಿದಿರಿ, ಮಾತು ಹೇಗಿತ್ತು ಅಂತ ಅವರಿಗೆ ನೆನಪಿದ್ದಷ್ಟು, ನೆನಪಿದ್ದ ಹಾಗೆ ಅವರೇ ಬರೆಯಲಿ. ನೀವು ಹೇಳಿಕೊಡಬೇಡಿ.